ಎಳಿ ಹರೀತು ಎಂದು ಕೂಗಿದವಳು

ಹೋದ ತಿಂಗಳು ಬೆಟಗೇರಿಯ ನಮ್ಮ ಓಣಿಯಲ್ಲಿ ಚಿಗವ್ವ ತೀರಿಕೊಂಡಳು. ಮರುದಿನ ಮುಂಜಾನೆ ನನ್ನ ಮೊಬೈಲಿಗೆ ಒಂದು ಶ್ರದ್ಧಾಂಜಲಿ ಬಂತು. ಸುತ್ತ ಗುಲಾಬಿ ಹೂವು, ಎರಡು ದೀಪ, ನಡುವೆ ಅವಳ ಗುರುತಿನ ಚೀಟಿಯ ಫೋಟೊ. ಕೆಳಗೆ ‘ಮೃದುಭಾಷಿ, ಸಹನಾಮೂರ್ತಿ, ಎಂದೂ ಯಾರ ಮನಸ್ಸನ್ನೂ ನೋಯಿಸದ ಮಹಾತಾಯಿ’ ಎಂದು ಬರೆದಿದ್ದರು. ಓದಿ ಮೈಯೆಲ್ಲ ಉರಿದುಹೋಯಿತು.

ಮೃದುಭಾಷಿಯಂತೆ! ಗದಗ-ಬೆಟಗೇರಿಯ ಯಾವ ಟಾಕೀಸಿನ ಗೇಟಿನವನನ್ನು ಬೇಕಾದರೂ ಕೇಳಿ, ಈ ಹೆಣ್ಣುಮಗಳು ಕೆಳಗೆ ಬಾಯಿ ತೆರೆದರೆ ಬಾಲ್ಕನಿಯಲ್ಲಿ ಕೂತವರಿಗೂ ಕೇಳುತ್ತಿತ್ತು. ಸಹನಾಮೂರ್ತಿಯಂತೆ! ಇಂಟರ್ವಲ್ ತನಕ ಅವಳು ಸುಮ್ಮನೆ ಕೂತು ನೋಡಿದ ಸಿನಿಮಾಗಳನ್ನು ಎಣಿಸಲು ಒಂದು ಕೈಯ ಬೆರಳೇ ಹೆಚ್ಚು. ಯಾರ ಮನಸ್ಸನ್ನೂ ನೋಯಿಸಲಿಲ್ಲವಂತೆ! ಮೂವತ್ತು ವರ್ಷ ನನ್ನ ಮನಸ್ಸನ್ನೇ ನೋಯಿಸಿದ್ದಾಳೆ, ಪ್ರತಿ ಸಲವೂ ತಪ್ಪು ನನ್ನದೇ ಇರುತ್ತಿತ್ತು. ಇಂಥವಳನ್ನು ಸತ್ತ ಮರುದಿನವೇ ಬೇರೆ ಯಾರನ್ನೋ ಮಾಡಿಬಿಟ್ಟಿದ್ದರು.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಗದಗಿನ ಒಂದು ವಾರಪತ್ರಿಕೆಗೆ ಸಿನಿಮಾ ಅಂಕಣ ಬರೆಯಲು ಶುರುಮಾಡಿದಾಗಲೇ ಅವಳು ಹೇಳಿದ್ದಳು, ‘ತಮ್ಮಾ, ನಾ ಹೇಳಿದ್ದು ಬರಿ, ನನ್ನ ಹೆಸರ ಬರೀಬ್ಯಾಡ. ಟಾಕೀಸಿನವ ಒಳಗ ಬಿಡೂದಿಲ್ಲ.’ ಓಣಿಯ ಎಲ್ಲರಿಗೂ ಅವಳು ಚಿಗವ್ವ, ಎಂದರೆ ಚಿಕ್ಕಮ್ಮ. ನನಗೂ ಅಷ್ಟೇ. ರಕ್ತಸಂಬಂಧ ಏನೂ ಇಲ್ಲ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ.

ಅವಳ ಸಿಟ್ಟು ಎಲ್ಲಿಂದ ಬಂತೆಂಬುದನ್ನು ಮೊದಲು ಹೇಳಬೇಕು. ಮಗ್ಗದ ಮೇಲೆ ಸಾವಿರಾರು ಎಳೆ ಬಿಗಿದಿರುತ್ತವೆ. ಒಂದು ಎಳೆ ಹರಿದರೂ ಅಲ್ಲೇ ನಿಲ್ಲಿಸಿ ಗಂಟು ಹಾಕಬೇಕು. ಹಾಕದೆ ನೇಯುತ್ತ ಹೋದರೆ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ. ನೇಯುವವನ ಕಣ್ಣು ಅಡ್ಡ ನೂಲು ಹಾಯಿಸುವ ಲಾಳಿಯ ಮೇಲೆ ಇರುವುದರಿಂದ ಅವನಿಗೆ ಎಲ್ಲ ಎಳೆಯೂ ಕಾಣುವುದಿಲ್ಲ. ಅದಕ್ಕೇ ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಹರಿದ ಎಳೆ ಯಾರ ಕಣ್ಣಿಗೆ ಬೀಳಲಿ, ಮನೆಯವರಿರಲಿ, ಬೀಗರಿರಲಿ, ಹಾಲು ಹಾಕಲು ಬಂದವರಿರಲಿ, ‘ಎಳಿ ಹರೀತು!’ ಎಂದು ಕೂಗಬೇಕು. ಕೂಗಿದರಷ್ಟೇ ಸಾಲದು. ಕೂಗಿದವರೇ ಹತ್ತಿರ ಹೋಗಿ, ನೇಕಾರ ಬಾಗಿ ಗಂಟು ಹಾಕುವ ತನಕ ಹರಿದ ಜಾಗದ ಮೇಲೆ ಬೆರಳಿಟ್ಟು ನಿಲ್ಲಬೇಕು. ಕೂಗಿ, ಬೆರಳಿಡದೆ ಹೋದವರನ್ನು ಚಿಗವ್ವ ಬೀದಿಗೆ ಬಂದು ಬೈಯುತ್ತಿದ್ದಳು.

ಅವಳ ಗಂಡ ನೇಯುತ್ತಿದ್ದ, ಅವಳು ರಾಟಿಯ ಮುಂದೆ ಕೂತು ಕಂಡಕಿ ಸುತ್ತುತ್ತಿದ್ದಳು. ಲಾಳಿಯ ಹೊಟ್ಟೆಯಲ್ಲಿ ಕೂರಿಸುವ ನೂಲಿನ ಸಣ್ಣ ಸುರುಳಿಗೆ ಕಂಡಕಿ ಎನ್ನುತ್ತಾರೆ. ಅದಿಲ್ಲದೆ ಲಾಳಿ ಎಷ್ಟು ಓಡಿದರೂ ಬಟ್ಟೆ ಆಗುವುದಿಲ್ಲ.

ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ. ಆ ದಿನ ಓಣಿಯ ಹೆಂಗಸರೆಲ್ಲ ಬೇಗ ಅಡಿಗೆ ಮುಗಿಸಿ ಮ್ಯಾಟಿನಿಗೆ ಹೊರಡುತ್ತಿದ್ದರು. ಒಂದು ಇಡೀ ಸಾಲು ಅವರದೇ. ನಾನಾಗ ಡಿಗ್ರಿ ಓದುತ್ತಿದ್ದೆ. ಒಂದು ಅಮಾವಾಸ್ಯೆ ನೇಕಾರ ಯುವಕನ ಕತೆಯ ಸಿನಿಮಾ ಬಂತೆಂದು ಬೆಟಗೇರಿಗೆ ಬೆಟಗೇರಿಯೇ ಟಾಕೀಸಿಗೆ ನುಗ್ಗಿತ್ತು. ಹೀರೋ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಗ್ಗದ ಮುಂದೆ ಕೂತು ಹಾಡುತ್ತಿದ್ದ. ಹೀರೋಯಿನ್ ಸೆರಗಿನಿಂದ ಅವನಿಗೆ ಗಾಳಿ ಬೀಸುತ್ತಿದ್ದಳು. ಮಂದಿ ಚಪ್ಪಾಳೆ ಹೊಡೆಯುತ್ತಿದ್ದರು, ಕಣ್ಣೊರೆಸಿಕೊಳ್ಳುವವರೂ ಇದ್ದರು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ದನಿ ಎದ್ದಿತು.

‘ಎಳಿ ಹರೀತು! ಎಳಿ ಹರೀತು!’

ಕತ್ತಲಲ್ಲಿ ಒಬ್ಬಳು ಎದ್ದು ಮೆಟ್ಟಿಲಿಳಿದು ಪರದೆಯ ತನಕ ನಡೆದುಹೋದಳು. ಹೀರೋನ ಮುಖದ ಮೇಲೆ ಅವಳ ತುರುಬಿನ ನೆರಳು ಬಿತ್ತು. ಕೈ ಎತ್ತಿ, ಅವನ ಕೈಯಲ್ಲಿದ್ದ ಲಾಳಿಯ ಮೇಲೆ ಬೆರಳಿಟ್ಟು ನಿಂತುಬಿಟ್ಟಳು.

‘ಲಾಳ್ಯಾಗ ಕಂಡಕೀನೇ ಇಲ್ಲ ನೋಡ್ರಿ! ಗಾಳಿ ನೇಯಾಕತ್ತಾನೇನು ಇವ?’

ಅವಳು ಹೇಳಿದ್ದು ಖರೆ ಇತ್ತು. ಲಾಳಿ ಬರಿದಾಗಿತ್ತು. ಬೆಟಗೇರಿಯವರಾದ ನಮಗೆ ಯಾರಿಗೂ ಅದು ಕಂಡಿರಲಿಲ್ಲ, ನಾವು ಅಳುವುದರಲ್ಲಿ ಮೈಮರೆತಿದ್ದೆವು. ಗೇಟಿನವ ಟಾರ್ಚು ಹಿಡಿದು ಓಡಿಬಂದು ‘ಏ ಯವ್ವಾ, ಸರಿ ಈಕಡೆ’ ಎಂದರೆ, ಚಿಗವ್ವ ಬೆರಳು ತೆಗೆಯದೆ, ‘ತಪ್ಪು ತೋರಿಸೀನಿ. ಗಂಟು ಹಾಕಾವ್ರು ಯಾರದಾರ, ಕರಿ’ ಎಂದಳು. ಆ ಹೊತ್ತಿಗೆ ಹಾಡು ಮುಗಿದಿತ್ತು. ಅವಳ ಬೆರಳು ಈಗ ವಿಲನ್ನನ ಮೂಗಿನ ಮೇಲಿತ್ತು. ಇಡೀ ಟಾಕೀಸು ನಕ್ಕಿತು, ಅವಳು ಮಾತ್ರ ನಗಲಿಲ್ಲ.

ಮರುದಿನ ನಾನು ಅವಳ ಪಡಸಾಲೆಯಲ್ಲಿ ಹೋಗಿ ಕೂತೆ. ಅಂದಿನಿಂದ ಮೂವತ್ತು ವರ್ಷ ಕೂತೆ. ನಾನು ಶಿರಹಟ್ಟಿಯ ಹೈಸ್ಕೂಲಿನಲ್ಲಿ ಮಾಸ್ತರನಾದೆ, ಅಂಕಣ ಬರೆಯತೊಡಗಿದೆ. ಊರಲ್ಲಿ ‘ಸಿನಿಮಾ ಮಾಸ್ತರ’ ಎಂದು ಹೆಸರಾಯಿತು. ಸಿನಿಮಾ ನೋಡುವುದು ನನಗೆ ಗೊತ್ತೇ ಇರಲಿಲ್ಲ ಎಂಬುದು ಚಿಗವ್ವನಿಗೆ ಮತ್ತು ನನಗೆ ಮಾತ್ರ ಗೊತ್ತಿದ್ದ ಸಂಗತಿ.

ಮನೆಗೆ ಟೀವಿ ಬಂದ ಮೇಲೆ ಅವಳು ರಾಟಿಯನ್ನು ಅದರ ಎದುರಿಗೇ ಹಾಕಿಕೊಂಡಳು. ಪಕ್ಕದ ಮನೆಯಲ್ಲಿ ಕೂತ ನನಗೆ ರಾಟಿಯ ಸದ್ದಿನಿಂದಲೇ ಧಾರಾವಾಹಿಯ ಯೋಗ್ಯತೆ ತಿಳಿಯುತ್ತಿತ್ತು. ಸುಳ್ಳು ಹೆಚ್ಚಾದಷ್ಟೂ ರಾಟಿ ಜೋರಾಗುತ್ತಿತ್ತು. ಕೆಲವು ಸಂಜೆ ಅದು ಎಷ್ಟು ಜೋರಾಗಿ ತಿರುಗುತ್ತಿತ್ತೆಂದರೆ ಸೊಸೆ ಗಿರಿಜಾ ಒಳಗಿನಿಂದ ಬಂದು, ‘ಅತ್ತಿ, ಟೀವಿ ಮ್ಯಾಲಿನ ಸಿಟ್ಟು ನೂಲಿನ ಮ್ಯಾಲ ತೀರಿಸಬ್ಯಾಡ್ರಿ’ ಎನ್ನುತ್ತಿದ್ದಳು.

‘ಏ ಗಿರಿಜಾ, ನೋಡು ಬಾ ಇಲ್ಲೆ. ಮೂರು ವರ್ಷಾತು, ಈ ಮನ್ಯಾಗ ಒಬ್ಬರೂ ಕಸಾ ಹೊಡದಿಲ್ಲ. ಎಲ್ಲಾರೂ ಮೆಟ್ಟಲ ಮ್ಯಾಲ ನಿಂತು ಒಬ್ಬರನ್ನೊಬ್ಬರು ದಿಟ್ಟಿಸಿ ನೋಡ್ತಾರ. ರೇಶ್ಮಿ ಸೀರಿ ಉಟ್ಟು ಮಲಗ್ತಾಳ ಆಕಿ! ಒಂದು ಸೀರಿ ಹಿಂದ ಎಷ್ಟು ಮಂದಿ ಕಣ್ಣು ಹೋಗಿರ್ತಾವ, ಗೊತ್ತೈತೇನು ಆಕೀಗೆ?’

ಹೊಡೆದಾಟದ ಸಿನಿಮಾಗಳ ಬಗ್ಗೆ ಅವಳದು ಒಂದೇ ಪ್ರಶ್ನೆ. ‘ಇಪ್ಪತ್ತು ಮಂದೀನ ಹೊಡದ. ಅಂಗೀ ಗುಂಡಿ ಸೈತ ಹರೀಲಿಲ್ಲ. ಆ ಅಂಗಿ ಹೊಲದವ ಯಾರದಾನ, ಅವನ್ನ ತೋರಸ್ರಿ, ಅವಗ ಹಾರಾ ಹಾಕೂಣು.’

ಹಾಡಿನ ಸ್ಪರ್ಧೆಯ ಕಾರ್ಯಕ್ರಮಗಳನ್ನು ಕಂಡರೆ ಅವಳಿಗೆ ಕೆಂಡದಂಥ ಸಿಟ್ಟು. ಒಂದು ಸಣ್ಣ ಹುಡುಗಿ ಇನ್ನೇನು ಹಾಡಬೇಕು, ಅಷ್ಟರಲ್ಲಿ ಅವಳ ಮನೆಯ ಸೋರುವ ತಗಡು, ಉರಿಯದ ಒಲೆ ತೋರಿಸಿ, ತೀರ್ಪುಗಾರರು ಕರವಸ್ತ್ರ ತೆಗೆದರು. ಚಿಗವ್ವ ರಾಟಿ ನಿಲ್ಲಿಸಿ ಟೀವಿಯತ್ತ ಕೈ ಚಾಚಿ ಚೀರಿದಳು, ‘ಹಾಡಸ್ರೋ ಮೊದಲ! ಆ ಕೂಸು ಹಾಡಾಕ ಬಂದೈತಿ. ಅದರ ಮನಿ ಒಲಿ ಯಾಕ ತೋರಸ್ತೀರಿ? ನಿಮ್ಮ ಒಲಿ ತೋರಸ್ರಿ ನೋಡೂಣು!’ ಹುಡುಗಿ ಹಾಡುವ ಹೊತ್ತಿಗೆ ಚಿಗವ್ವ ಟೀವಿ ಆರಿಸಿದ್ದಳು.

ನಮ್ಮ ಮಾತನ್ನು ಕಾಮಿಡಿಗೆ ಬಳಸುವವರ ಮೇಲೆ ಇನ್ನೂ ಹೆಚ್ಚಿನ ಸಿಟ್ಟು. ಪೆದ್ದ, ಕುಡುಕ, ಅಡಿಗೆಯವ ಬಂದರೆ ಸಾಕು, ಅವನ ಬಾಯಿಗೆ ನಮ್ಮ ಕಡೆಯ ಮಾತು ತುರುಕುತ್ತಾರೆ. ಅದೂ ನೆಟ್ಟಗಿರುವುದಿಲ್ಲ. ಒಮ್ಮೆ ಟಾಕೀಸಿನಲ್ಲಿ ಅಂಥ ದೃಶ್ಯಕ್ಕೆ ನಾನೂ ನಕ್ಕೆ. ಅವಳು ನನ್ನ ತೊಡೆ ಚಿವುಟಿದಳು. ‘ನಗ್ತೀಯಲ್ಲೋ, ನಾಚಿಕಿ ಬರೂದಿಲ್ಲ? ನಿಮ್ಮವ್ವ ಸತ್ತಾಗ ಇದ ಮಾತಿನ್ಯಾಗ ಅತ್ತಿಯಲ್ಲ, ಆವಾಗ ಯಾರರೆ ನಕ್ಕರೇನು?’ ಐವತ್ತು ಸಮೀಪಿಸಿದ ಮಾಸ್ತರ ನಾನು, ತೊಡೆ ಉಜ್ಜಿಕೊಳ್ಳುತ್ತ ಕೂತೆ.

ಎಲ್ಲವನ್ನೂ ಬೈಯುತ್ತಿದ್ದಳೆಂದರೆ ಅದೂ ಸುಳ್ಳಾದೀತು. ದೆವ್ವದ ಸಿನಿಮಾ ಅವಳಿಗೆ ಬಹಳ ಸೇರುತ್ತಿತ್ತು. ‘ಅದರಾಗ ದೆವ್ವ ಒಂದ ನೆಟ್ಟಗ ಮಾತಾಡ್ತೈತಿ. ಯಾರು ಕೊಂದ್ರು, ಯಾಕ ಕೊಂದ್ರು, ಎಲ್ಲಾ ಹೇಳಿ ಹೋಗ್ತೈತಿ.’ ಒಮ್ಮೆ ಮಗ ಬಸು ತನ್ನ ಮೊಬೈಲಿನಲ್ಲಿ ಒಂದು ಸಿನಿಮಾ ಹಚ್ಚಿಕೊಟ್ಟ. ಯಾವ ಭಾಷೆಯದೋ ಏನೋ. ಅದರಲ್ಲಿ ತಾಯಿ ಕೂತು ಬಳ್ಳೊಳ್ಳಿ ಸುಲಿಯುತ್ತಾಳೆ. ಜಗಳ ಮಾಡಿ ಹೋಗಿದ್ದ ಮಗಳು ಬರುತ್ತಾಳೆ, ಮಾತಾಡುವುದಿಲ್ಲ, ಪಕ್ಕ ಕೂತು ತಾನೂ ಸುಲಿಯತೊಡಗುತ್ತಾಳೆ. ಅಷ್ಟೇ. ಅರ್ಧ ತಾಸು ರಾಟಿಯ ಸದ್ದೇ ಕೇಳಲಿಲ್ಲ. ಏನಾಯಿತೋ ಎಂದು ನಾನು ಗೋಡೆ ಬಳಸಿ ಓಡಿಹೋದೆ. ಚಿಗವ್ವ ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದಳು. ‘ತಿರುವಿ ನೋಡಿದೆ ತಮ್ಮಾ. ಎರಡೂ ಮಗ್ಗಲ ಒಂದ ಐತಿ’ ಎಂದಳು. ತಿರುವಿದರೂ ಎರಡೂ ಬದಿ ಒಂದೇ ಕಾಣುವ ಒಳ್ಳೆಯ ಸೀರೆಗೆ ಹೇಳುವ ಮಾತು ಅದು. ಅವಳ ಬಾಯಲ್ಲಿ ಅದನ್ನು ನಾನು ಕೇಳಿದ್ದು ಅದೊಂದೇ ಸಲ.

ಇನ್ನು ನನ್ನ ವಿಷಯ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಬಂದು ನಾನು ಬರೆಯುತ್ತಿದ್ದುದೇನು? ಅಂಗಿ ಹೊಲಿದವನಿಗೆ ಹಾರ ಹಾಕೋಣ ಎಂದು ಅವಳು ಬೈದದ್ದು ನನ್ನ ಅಂಕಣದಲ್ಲಿ ‘ಸಾಹಸ ದೃಶ್ಯಗಳು ರೋಚಕವಾಗಿದ್ದು, ವಸ್ತ್ರವಿನ್ಯಾಸ ವಿಶೇಷ ಮೆಚ್ಚುಗೆಗೆ ಪಾತ್ರವಾಗುತ್ತದೆ’ ಎಂದಾಗುತ್ತಿತ್ತು. ಟಾಕೀಸಿನವರು ನನಗೆ ಪಾಸು ಕೊಡುತ್ತಿದ್ದರು, ಇಂಟರ್ವಲ್ಲಿನಲ್ಲಿ ಚಹಾ ಕಳಿಸುತ್ತಿದ್ದರು. ಸಂಪಾದಕರು ‘ಯಾರಿಗೂ ಬೇಜಾರಾಗಬಾರದು ಮಾಸ್ತರ’ ಎನ್ನುತ್ತಿದ್ದರು. ಚಿಗವ್ವ ನಾಲ್ಕನೇ ಇಯತ್ತೆ ಓದಿದವಳು. ಅಕ್ಷರದ ಕೆಳಗೆ ಬೆರಳು ಓಡಿಸುತ್ತ ನನ್ನ ಅಂಕಣ ಪೂರ್ತಿ ಓದಿ ತಲೆ ಎತ್ತುತ್ತಿದ್ದಳು.

‘ನಾ ಬೈದದ್ದನ್ನ ಹೊಗಳಿಕಿ ಮಾಡಿಯಲ್ಲೋ! ಯಾರ ಅಂಜಿಕಿ ನಿನಗ?’

‘ಹಂಗೆಲ್ಲಾ ನೇರ ಬರಿಯಾಕ ಬರೂದಿಲ್ಲ ಚಿಗವ್ವ. ಬರಿಯೂದಕ್ಕ ಒಂದು ರೀತಿ ಇರ್ತೈತಿ.’

‘ರೀತಿ ಅಲ್ಲ ಅದು. ಹೇಡಿತನ.’

ಮುಂದಿನ ವಾರ ಮತ್ತೆ ಹೋಗುತ್ತಿದ್ದೆ. ಅವಳು ಮತ್ತೆ ಹೇಳುತ್ತಿದ್ದಳು. ಯಾವತ್ತಾದರೂ ಇವನು ನೆಟ್ಟಗಾದಾನು ಎಂಬ ಆಸೆ ಅವಳಿಗಿತ್ತೆಂದು ಕಾಣುತ್ತದೆ.

ಹೋದ ವರ್ಷ ಒಂದು ಟೀವಿ ಚಾನೆಲ್ಲಿನವರು ಪತ್ರಿಕೆಯ ಮೂಲಕ ನನ್ನನ್ನು ಹುಡುಕಿಕೊಂಡು ಬಂದರು. ಕೈಮಗ್ಗದ ಬಗ್ಗೆ ಕಾರ್ಯಕ್ರಮವಂತೆ, ಚೆನ್ನಾಗಿ ಮಾತಾಡುವ ಹಿರಿಯ ಹೆಣ್ಣುಮಗಳು ಬೇಕಂತೆ. ಬೆಟಗೇರಿಯಲ್ಲಿ ಚಿಗವ್ವನಿಗಿಂತ ಚೆನ್ನಾಗಿ ಮಾತಾಡುವವರು ಯಾರು? ನಾನೇ ಹೋಗಿ ಕೇಳಿದೆ. ಅವಳು ಬಹಳ ಹೊತ್ತು ರಾಟಿ ತಿರುಗಿಸಿ, ‘ನಾ ಆಡಿದ್ದು ಆಡಿದಂಗ ಬರಬೇಕು. ಬರ್ತೈತೇನು?’ ಎಂದಳು. ‘ಬರ್ತೈತಿ ಚಿಗವ್ವ, ನಾ ಅದೀನಲ್ಲ’ ಎಂದೆ. ಈ ಮಾತು ನನ್ನ ಬಾಯಿಂದಲೇ ಬಂದದ್ದು, ಯಾರೂ ಹೇಳಿಸಿದ್ದಲ್ಲ.

ಬಂದವರೇ ಮೊದಲು ಟೀವಿಯನ್ನೂ ಫ್ರಿಜ್ಜನ್ನೂ ಒಳಕೋಣೆಗೆ ಸಾಗಿಸಿದರು. ಗೋಡೆಯ ಮೇಲಿದ್ದ ಮೊಮ್ಮಗಳ ಪದವಿ ಫೋಟೊ ಇಳಿಸಿದರು. ಒಳ್ಳೆಯ ಹಸಿರು ಸೀರೆ ಉಟ್ಟು ಕೂತಿದ್ದವಳಿಗೆ, ‘ಅಮ್ಮಾ, ಹಳೇದು ಯಾವುದಾದ್ರೂ ಇಲ್ವಾ?’ ಎಂದರು. ಗಂಡ ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಮಗ್ಗದ ಕುಣಿಗೆ ಇಳಿದು ಕೂರಿ ಎಂದಾಗ ಚಿಗವ್ವ, ‘ನಾ ನೇಯಾಕಿ ಅಲ್ರಿ, ಸುತ್ತಾಕಿ. ಗೊತ್ತಿಲ್ಲಂದ್ರ ಕೇಳ್ರಿ, ಹೇಳ್ತೀನಿ’ ಎಂದು ರಾಟಿಯ ಮುಂದೆಯೇ ಕೂತಳು. ಎರಡು ತಾಸು ಮಾತಾಡಿದಳು. ಮಗ್ಗ ಏಕೆ ನಿಂತವು, ಯಾರ ತಪ್ಪು, ಎಲ್ಲ ಹೇಳಿದಳು. ಅವರದೇ ಚಾನೆಲ್ಲಿನ ಧಾರಾವಾಹಿಯನ್ನು ಹಿಗ್ಗಾಮುಗ್ಗಾ ಬೈದಳು. ಬಂದವರು ಹೊಟ್ಟೆ ಹಿಡಿದು ನಕ್ಕರು. ಎಂಥ ಕಾರ್ಯಕ್ರಮವಾಗುತ್ತದೆ ಎಂದು ನಾನು ಬಾಗಿಲಲ್ಲಿ ನಿಂತು ಉಬ್ಬಿಹೋಗಿದ್ದೆ.

ಆಗ ಅವಳ ಕಣ್ಣಿನ ಪೊರೆ ತೆಗೆಸಿ ಎರಡು ವಾರವಾಗಿತ್ತು. ದಿನಕ್ಕೆ ಮೂರು ಸಲ ಕಣ್ಣಿಗೆ ಹನಿ ಹಾಕಬೇಕಿತ್ತು. ಮಾತಿನ ನಡುವೆ ಗಿರಿಜಾ ಬಂದು, ‘ಒಂದ್ನಿಮಿಷ ತಡೀರಿ’ ಎಂದು ಅತ್ತೆಯ ಗದ್ದ ಎತ್ತಿ ಹನಿ ಹಾಕಿ ಹೋದಳು. ‘ಮಗ ಎಲ್ಲಿ ಅಮ್ಮಾ?’ ಎಂದು ಕೇಳಿದರು. ‘ಬಸ್ ಓಡಸ್ತಾನ್ರಿ. ಮುಂಜಾನೆ ಹಿರೇವಡ್ಡಟ್ಟಿ ಗಾಡಿ ತಗೊಂಡು ಹೋದ. ಇನ್ನೂ ಬಂದಿಲ್ಲ ನೋಡ್ರಿ’ ಎಂದಳು ಚಿಗವ್ವ, ಕಣ್ಣೊರೆಸಿಕೊಳ್ಳುತ್ತ.

ಒಂದು ರವಿವಾರ ಮಧ್ಯಾಹ್ನ ಕಾರ್ಯಕ್ರಮ ಬಂತು. ಓಣಿಯೆಲ್ಲ ಅವಳ ಪಡಸಾಲೆಯಲ್ಲಿತ್ತು. ಎರಡು ತಾಸಿನ ಮಾತಿನಲ್ಲಿ ಉಳಿದದ್ದು ಅರೆನಿಮಿಷ. ಮನೆಯೆಲ್ಲ ನೀಲಿ ಬಣ್ಣಕ್ಕೆ ತಿರುಗಿತ್ತು, ಹಿಂದೆ ಪಿಟೀಲು ಅಳುತ್ತಿತ್ತು. ಒಬ್ಬ ಗಂಡಸು ಗದ್ಗದ ದನಿಯಲ್ಲಿ ಹೇಳಿದ, ‘ಮಗ್ಗ ನಿಂತಿತು. ಮಗ ಮನೆ ಬಿಟ್ಟ. ಸೊಸೆ ತಿರುಗಿ ನೋಡಲಿಲ್ಲ. ಈ ತಾಯಿಯ ಕಣ್ಣೀರು ಮಾತ್ರ ನಿಂತಿಲ್ಲ.’ ಪರದೆಯ ಮೇಲೆ ಚಿಗವ್ವನ ಮುಖ, ಕೆನ್ನೆಯ ಮೇಲೆ ಇಳಿಯುವ ನೀರು. ‘ಇನ್ನೂ ಬಂದಿಲ್ಲ ನೋಡ್ರಿ.’ ಅಷ್ಟೇ. ಆಮೇಲೆ ನಾನು ಕಾಣಿಸಿಕೊಂಡೆ. ಹೆಗಲ ಮೇಲೆ ಶಾಲು ಹೊದ್ದು, ಎಲ್ಲೋ ನೋಡುತ್ತ ಹೇಳುತ್ತಿದ್ದೆ, ‘ಇಂಥ ತಾಯಂದಿರ ನೋವಿಗೆ ದನಿಯೇ ಇಲ್ಲ.’

ದನಿಯಿಲ್ಲವಂತೆ. ಚಿಗವ್ವನಿಗೆ! ಕ್ಯಾಮೆರಾ ಕಂಡ ಕೂಡಲೇ ನನ್ನ ಬಾಯಿಗೆ ಬಂದ ಮಾತು ಅದು. ಗಿರಿಜಾ ಎದ್ದು ಅಡಿಗೆಮನೆಗೆ ಹೋದಳು. ಚಿಗವ್ವ ನನ್ನ ಮುಖ ನೋಡಿದಳು, ಬೈಯಲಿಲ್ಲ.

ಆಮೇಲಿನದು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಆ ತುಣುಕು ಊರೂರಿನ ಮೊಬೈಲಿಗೆ ಹೋಯಿತು. ಕಾಯಿಪಲ್ಯೆ ಸಂತೆಯಲ್ಲಿ ಗುರುತಿಲ್ಲದ ಹೆಂಗಸರು ಗಿರಿಜಾಳನ್ನು ತಡೆದು, ‘ಅತ್ತೀಗೆ ಕೂಳು ಹಾಕೂದಿಲ್ಲಂತಲ್ಲವಾ?’ ಎಂದರು. ಲಕ್ಷ್ಮೇಶ್ವರದ ಗಾಡಿಯಲ್ಲಿ ಒಬ್ಬ ಪ್ರಯಾಣಿಕ ಬಸುವಿನ ಹಿಂದೆ ನಿಂತು ದಾರಿಯುದ್ದಕ್ಕೂ ಬುದ್ಧಿ ಹೇಳಿದ. ಮುಳಗುಂದದಲ್ಲಿ ಬೀಗರಾಗಬೇಕಿದ್ದವರು ಮೊಮ್ಮಗಳ ಸಂಬಂಧದ ಮಾತು ಮುಂದಕ್ಕೆ ಹಾಕಿದರು. ಕುರ್ತಕೋಟಿಯಿಂದ ಗಿರಿಜಾಳ ಅಪ್ಪ ಬಂದು ಕಟ್ಟೆಯ ಮೇಲೆಯೇ ಕೂತ, ಚಹಾ ಮುಟ್ಟಲಿಲ್ಲ. ‘ನಮ್ಮ ಹುಡುಗಿ ಅಂಥಾಕಿ ಏನ್ರೀ?’ ಎಂದು ಬೀಗಿತಿಯನ್ನು ಕೇಳಿದ. ಇಪ್ಪತ್ತೈದು ವರ್ಷ ಒಂದೇ ಒಲೆಯ ಮುಂದೆ ಜಗಳಾಡುತ್ತ, ನಗುತ್ತ ಬಾಳಿದ ಅತ್ತೆ ಸೊಸೆ ಅವರು. ಆ ಮುದುಕ ಅಳುವುದನ್ನು ನೋಡಿ ಚಿಗವ್ವ ಕೆಳದನಿಯಲ್ಲಿ ‘ಅಲ್ರೀ, ಅಲ್ಲ’ ಎಂದಳು. ಯಾವುದೋ ಸೇವಾ ಮಂಡಳಿಯವರು ಬಾಳೆಹಣ್ಣು, ಕಂಬಳಿ ಹಿಡಿದು ಫೋಟೊ ತೆಗೆಸಿಕೊಳ್ಳಲು ಬಂದಾಗ ಮಾತ್ರ ಹಳೆಯ ದನಿ ಬಂತು. ‘ಆ ಹಣ್ಣು ನಮ್ಮ ಸೊಸಿ ಕೈಯಾಗ ಕೊಡ್ರಿ. ಕೊಟ್ಟು, ತಪ್ಪಾತವಾ ಅಂತ ಹೇಳಿ ಹೊರಗ ನಡೀರಿ!’

ಚಿಗವ್ವ ಆ ತುಣುಕನ್ನು ಎಷ್ಟು ಸಲ ನೋಡಿದಳೋ. ಒಂದು ಸಂಜೆ ನನ್ನನ್ನು ಕರೆಸಿ ಮೊಬೈಲ್ ಮುಂದೆ ಹಿಡಿದಳು.

‘ಇಲ್ಲಿ ನಿಂದ್ರಸು. ಇಲ್ಲಿ. ಮೂಲ್ಯಾಗ ನೋಡು.’

ನಿಲ್ಲಿಸಿದೆ. ಪರದೆಯ ಎಡ ಅಂಚಿನಲ್ಲಿ, ಅವಳ ಗದ್ದದಿಂದ ಸರಿದುಹೋಗುತ್ತಿರುವ ಒಂದು ಕೈ ಇತ್ತು. ಬರೀ ಬೆರಳು, ಮಣಿಕಟ್ಟು, ಆರು ಹಸಿರು ಬಳೆ. ಬೆರಳ ಸಂದಿನಲ್ಲಿ ಹನಿ ಔಷಧಿಯ ಬಿಳಿ ಬಾಟಲಿ. ಕತ್ತರಿಸುವವನು ಎಲ್ಲ ಕತ್ತರಿಸಿದ್ದ, ಅದನ್ನು ಕಂಡಿರಲಿಲ್ಲ.

‘ಗಿರಿಜಾನ ಕೈ ಅದು. ಈ ಕೈ ಹನಿ ಹಾಕೇತಿ, ಅದಕ್ಕ ನೀರು ಬಂದೈತಿ. ಇದನ್ನ ನಿನ್ನ ಪೇಪರಿನ್ಯಾಗ ಬರಿ. ಈ ಚಿತ್ರಾನೂ ಹಾಕು. ನನ್ನ ಹೆಸರು ಬೇಕಾದ್ರ ಹಾಕು, ಈಗ ಅಡ್ಡಿಯಿಲ್ಲ. ನಾ ಸಾಯೂದರಾಗ ಈ ಹುಡುಗಿ ಮ್ಯಾಲಿನ ಮಾತು ಹೋಗಬೇಕು ತಮ್ಮಾ.’

ಅವಳು ನನ್ನಿಂದ ಏನನ್ನಾದರೂ ಬೇಡಿದ್ದು ಅದೊಂದೇ. ನಾನೇನು ಮಾಡಿದೆ? ಆ ಕಾರ್ಯಕ್ರಮದಿಂದ ನನಗೆ ಎರಡು ಕಡೆ ಸನ್ಮಾನ ಆಗಿತ್ತು. ಚಾನೆಲ್ಲಿಗೆ ಒಂದು ಪತ್ರ ಬರೆದೆ, ಉತ್ತರ ಬರಲಿಲ್ಲ, ಬಿಟ್ಟೆ. ಅಂಕಣದಲ್ಲಿ ಹೀಗೆ ಬರೆದೆ: ‘ಕೆಲವು ಅಂಶಗಳು ವಾಸ್ತವಕ್ಕಿಂತ ಕೊಂಚ ಭಿನ್ನವಾಗಿದ್ದರೂ, ನೇಕಾರರ ಬದುಕಿಗೆ ಕನ್ನಡಿ ಹಿಡಿದ ಈ ಪ್ರಯತ್ನ ಶ್ಲಾಘನೀಯ.’ ಚಿತ್ರ ಹಾಕಲಿಲ್ಲ. ಥೂ, ನನ್ನ ಬಾಳಿಗಿಷ್ಟು! ಈಗ ಆ ಸಾಲು ಓದಿದರೆ ಪೆನ್ನು ಮುರಿದು ಹಾಕಬೇಕೆನಿಸುತ್ತದೆ.

ಚಿಗವ್ವ ಬೆರಳು ಓಡಿಸಿ ಕೊನೆತನಕ ಓದಿದಳು. ಪೇಪರು ಮಡಿಚಿ ನನ್ನ ಕೈಗೆ ಕೊಟ್ಟಳು.

‘ಕೂಗೂದೂ ಅರ್ಧಾ ಕೂಗಿದಿ. ಬೆರಳಂತೂ ಇಡಲೇ ಇಲ್ಲ.’

ಆಮೇಲೆ ಏಳು ತಿಂಗಳು ಅವಳು ನನಗೆ ಯಾವ ಸಿನಿಮಾದ ಬಗ್ಗೆಯೂ ಒಂದು ಮಾತು ಹೇಳಲಿಲ್ಲ. ಹೋದರೆ ‘ಚಾ ಕುಡಿ’ ಎನ್ನುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗೋಡೆಯಾಚೆ ರಾಟಿ ಒಂದೇ ಸಮನೆ ತಿರುಗುತ್ತಿತ್ತು, ಟೀವಿಯ ಸದ್ದು ಇರುತ್ತಿರಲಿಲ್ಲ. ಒಂದು ಮುಂಜಾನೆ ಗಿರಿಜಾ ಚಹಾ ತಂದಾಗ ಎದೆ ಹಿಡಿದುಕೊಂಡು ಅವಳ ತೋಳಿನ ಮೇಲೆಯೇ ಒರಗಿ ಹೋಗಿಬಿಟ್ಟಳು.

ಹನ್ನೊಂದನೆಯ ದಿನ ಓಣಿಯ ಯುವಕ ಮಂಡಳಿಯವರು ಸಮುದಾಯ ಭವನದಲ್ಲಿ ನುಡಿನಮನ ಇಟ್ಟುಕೊಂಡರು. ವೇದಿಕೆಯ ಮೇಲೆ ನನಗೂ ಕುರ್ಚಿ. ಮಾತಾಡಿದವರೆಲ್ಲ ‘ಮೌನವಾಗಿ ನೋವುಂಡ ತಾಯಿ’ ಎಂದರು. ಬಸು ತಲೆ ತಗ್ಗಿಸಿ ಕೂತಿದ್ದ. ಗಿರಿಜಾ ಹೆಂಗಸರ ಕಡೆಯ ಕೊನೆಯ ಸಾಲಿನಲ್ಲಿ, ಸೆರಗು ಹೊದ್ದು. ಅವಳ ಅಕ್ಕಪಕ್ಕದ ಎರಡು ಕುರ್ಚಿ ಖಾಲಿ ಇದ್ದವು.

‘ಈಗ ನಮ್ಮ ಓಣಿಯ ಹೆಮ್ಮೆ, ಟೀವಿಯಲ್ಲಿ ಬಂದ ಆ ಕಾರ್ಯಕ್ರಮ’ ಎಂದು ಮಂಡಳಿಯವನು ಹೇಳಿದ. ದೀಪ ಆರಿಸಿದರು. ಬಿಳಿ ಪರದೆಯ ಮೇಲೆ ನೀಲಿ ಬಣ್ಣದ ಮನೆ, ಪಿಟೀಲು, ಗದ್ಗದ ದನಿ. ಮಗ ಮನೆ ಬಿಟ್ಟ. ಸೊಸೆ ತಿರುಗಿ ನೋಡಲಿಲ್ಲ. ಸುತ್ತಲೂ ಮೂಗೊರೆಸುವ ಸದ್ದು. ಇವರೆಲ್ಲ ಅದೇ ಓಣಿಯವರು! ಗಿರಿಜಾ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕೈ ಹಿಡಿದು ಕರೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡವರು! ಪರದೆ ಅತ್ತರೆ ತಾವೂ ಅಳುತ್ತಾರೆ. ಅಂದು ಬರಿದಾದ ಲಾಳಿಗೆ ಅತ್ತವರೂ ಇವರೇ. ನಾನೂ ಇವರಲ್ಲೊಬ್ಬ. ನನಗೆ ತಡೆಯಲಾಗಲಿಲ್ಲ.

‘ಎಳಿ ಹರೀತು!’

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಯಾರೋ ‘ಶ್’ ಎಂದರು. ನಾನು ಎದ್ದು ಇನ್ನೊಮ್ಮೆ ಕೂಗಿದೆ, ‘ಎಳಿ ಹರೀತು! ನಿಂದ್ರಸ್ರೋ ಅದನ್ನ! ಹಿಂದಕ್ಕ ಹೊಡೀರಿ!’

ಭವನದಲ್ಲಿದ್ದ ಹಳೆಯ ನೇಕಾರರಿಗೆ ಆ ಕೂಗು ಗೊತ್ತು. ಇಬ್ಬರು ಕೂತಲ್ಲೇ ಅರ್ಧ ಎದ್ದರು. ಯಂತ್ರದವನು ಗಾಬರಿಬಿದ್ದು ನಿಲ್ಲಿಸಿದ, ಹಿಂದಕ್ಕೆ ಸರಿಸಿದ. ‘ಇನ್ನಷ್ಟು. ಇನ್ನಷ್ಟು. ಹಾಂ, ಇಲ್ಲೇ.’ ನಾನು ಪರದೆಯ ಹತ್ತಿರ ಹೋದೆ. ಚಿಗವ್ವನ ಮುಖದ ಮೇಲೆ ನನ್ನ ನೆರಳು ಬಿತ್ತು. ಬಗ್ಗಿ, ಎಡ ಅಂಚಿನ ಆ ಹಸಿರು ಬಳೆಗಳ ಮೇಲೆ ಬೆರಳಿಟ್ಟೆ.

‘ಈ ಕೈ ನೋಡ್ರಿ. ಇದರಾಗ ಹನಿ ಔಷಧದ ಬಾಟ್ಲಿ ಐತಿ. ಚಿಗವ್ವ ಅತ್ತಿಲ್ಲ. ಈ ಕೈ ಆಕೀ ಕಣ್ಣಿಗೆ ಹನಿ ಹಾಕೇತಿ. ಅವತ್ತು ನಾ ಅಲ್ಲೇ ಬಾಗಲದಾಗ ನಿಂತಿದ್ದೆ. ಎಲ್ಲಾ ಗೊತ್ತಿದ್ದು ಸುಳ್ಳು ಬರದೆ. ಆಕಿ ಬಾಯಿಬಿಟ್ಟು ಕೇಳಿದ್ಲು, ಆದರೂ ಖರೇದು ಬರೀಲಿಲ್ಲ. ಉಗಳೂದಿದ್ರ ನನಗ ಉಗಳ್ರಿ.’

ಮುಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣು ಕಿರಿದು ಮಾಡಿ ಪರದೆ ನೋಡಿದಳು. ಆಮೇಲೆ ನಿಧಾನಕ್ಕೆ ಹಿಂದೆ ತಿರುಗಿದಳು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಗಿರಿಜಾ ಸೆರಗನ್ನು ಗದ್ದದ ಕೆಳಗೆ ಹಿಡಿದುಕೊಂಡು ಕೂತಿದ್ದಳು. ಆ ಮಣಿಕಟ್ಟಿನಲ್ಲಿ ಅವೇ ಹಸಿರು ಬಳೆ ಇದ್ದವು.

‘ದಿನಕ್ಕ ಮೂರು ಸಲ ಹಾಕಬೇಕಿತ್ತು,’ ಎಂದಳು ಅವಳು, ಯಾರನ್ನೂ ನೋಡದೆ. ‘ಅದು ಎರಡನೇದು.’

ಬಸು ಎದ್ದುಹೋಗಿ ಯಂತ್ರ ಆರಿಸಲು ಕೈ ಚಾಚಿದ. ಗಿರಿಜಾ ತಡೆದಳು.

‘ಇರ್ಲಿ ಬಿಡ್ರಿ. ಎಲ್ಲಾರೂ ನೋಡ್ಲಿ.’

ನಾನು ಬೆರಳು ತೆಗೆಯದೆ ನಿಂತೆ.